ತಪ್ಪಿಲ್ಲದೆ ಓದುತ್ತಾನೆ, ಆದರೆ ಏನು ಓದಿದೆ ಅಂದರೆ ಗೊತ್ತಿಲ್ಲ

ಪ್ರಶ್ನೆ: ನನ್ನ ಮಗ ಮೂರನೇ ಕ್ಲಾಸು. ಒತ್ತಕ್ಷರ ಎಲ್ಲ ಬರುತ್ತದೆ, ಪಾಠವನ್ನು ತಪ್ಪಿಲ್ಲದೆ ಓದುತ್ತಾನೆ. ಆದರೆ ಒಂದೊಂದೇ ಪದ, ಎಲ್ಲವೂ ಒಂದೇ ದನಿ. ಮುಗಿದ ಮೇಲೆ ಏನು ಓದಿದೆ ಅಂತ ಕೇಳಿದರೆ ಸುಮ್ನೆ ನನ್ನ ಮುಖ ನೋಡುತ್ತಾನೆ. ಅದನ್ನೇ ನಾನು ಓದಿ ಹೇಳಿದರೆ ಪೂರ್ತಿ ಅರ್ಥವಾಗುತ್ತದೆ. ಯಾಕೆ ಹೀಗೆ? – ಒಬ್ಬ ತಾಯಿ

ಉತ್ತರ: ಉತ್ತರ ನಿಮ್ಮ ಪತ್ರದಲ್ಲೇ ಇದೆ. ನೀವು ಓದಿದಾಗ ಅರ್ಥವಾಗುತ್ತದೆ ಅಂದಮೇಲೆ ಅವನಿಗೆ ಭಾಷೆಯ ತೊಂದರೆ ಇಲ್ಲ. ನೀವು ಓದುವಾಗ ಪುಟದ ಮೇಲೆ ಅಚ್ಚಾಗಿಲ್ಲದ್ದನ್ನೂ ಅವನಿಗೆ ಕೊಡುತ್ತೀರಿ: ಎಲ್ಲಿ ನಿಲ್ಲಬೇಕು, ಯಾವ ಪದವನ್ನು ಒತ್ತಿ ಹೇಳಬೇಕು, ದನಿ ಎಲ್ಲಿ ಏರಬೇಕು, ಎಲ್ಲಿ ಇಳಿಯಬೇಕು. ಅದನ್ನು ಅವನೇ ಸೇರಿಸಿಕೊಂಡು ಓದುವುದು ಇನ್ನೂ ಬಂದಿಲ್ಲ, ಅಷ್ಟೇ.

ಈ ವಾಕ್ಯ ನೋಡಿ: ‘ಅಕ್ಕ ಅಳುತ್ತಾ ಬಂದ ತಮ್ಮನನ್ನು ಎತ್ತಿಕೊಂಡಳು.’ ಅತ್ತವರು ಯಾರು? ‘ಅಕ್ಕ’ ಅಂತ ಹೇಳಿ ಸ್ವಲ್ಪ ನಿಂತರೆ ಅತ್ತಿದ್ದು ತಮ್ಮ. ‘ಅಕ್ಕ ಅಳುತ್ತಾ’ ಅಂತ ಹೇಳಿ ನಿಂತರೆ ಅತ್ತಿದ್ದು ಅಕ್ಕ. ಅಕ್ಷರ ಒಂದೂ ಬದಲಾಗಲಿಲ್ಲ, ಅಲ್ವಾ? ನಿಮ್ಮ ಮಗ ಪ್ರತಿ ಪದಕ್ಕೂ ನಿಲ್ಲುವುದರಿಂದ ಯಾವ ಪದ ಯಾವುದರ ಜೊತೆ ಸೇರುತ್ತದೆ ಅನ್ನುವುದೇ ಅವನಿಗೆ ಕೇಳಿಸುವುದಿಲ್ಲ. ಕನ್ನಡದಲ್ಲಿ ಇದರ ಪೆಟ್ಟು ಜಾಸ್ತಿ, ಯಾಕಂದರೆ ಕ್ರಿಯಾಪದ ಬರುವುದು ಸಾಮಾನ್ಯವಾಗಿ ವಾಕ್ಯದ ಕೊನೆಗೆ, ಅಲ್ಲಿಯವರೆಗೆ ಹಿಂದಿನದ್ದೆಲ್ಲ ನೆನಪಿನಲ್ಲಿ ಇರಬೇಕು, ಬಿಡಿ ಬಿಡಿ ಪದಗಳು ಅಷ್ಟು ಹೊತ್ತು ತಲೆಯಲ್ಲಿ ನಿಲ್ಲುವುದಿಲ್ಲ. ಅದರ ಮೇಲೆ ‘ಹೋಗಬೇಕಾಗಿತ್ತಂತೆ’ ತರಹದ ಉದ್ದದ ಪದ ಬಂತೆಂದರೆ ಅದನ್ನು ಬಿಡಿಸಿ ಓದುವಷ್ಟರಲ್ಲಿ ವಾಕ್ಯದ ಆರಂಭವೇ ಮರೆತುಹೋಗಿರುತ್ತದೆ.

ಏರಿಳಿತ ಮಕ್ಕಳಿಗೆ ಹೊಸದೇನಲ್ಲ. ಹೊಟ್ಟೆಯೊಳಗಿನ ಮಗುವಿಗೆ ಅಮ್ಮನ ಮಾತಿನಲ್ಲಿ ಬಿಡಿ ಅಕ್ಷರಗಳಿಗಿಂತ ಲಯ, ಏರಿಳಿತಗಳೇ ಚೆನ್ನಾಗಿ ಕೇಳಿಸುತ್ತವೆ. 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 60 ನವಜಾತ ಶಿಶುಗಳ ಅಳುವನ್ನು ರೆಕಾರ್ಡ್ ಮಾಡಿ ನೋಡಿದ್ದರು, ಅರ್ಧ ಫ್ರೆಂಚ್ ಮನೆಗಳವು, ಅರ್ಧ ಜರ್ಮನ್. ಹುಟ್ಟಿ ವಾರವೂ ಆಗಿರಲಿಲ್ಲ. ಫ್ರೆಂಚ್ ಶಿಶುಗಳ ಅಳು ಹೆಚ್ಚಾಗಿ ಏರುತ್ತಿತ್ತು, ಜರ್ಮನ್ ಶಿಶುಗಳದ್ದು ಇಳಿಯುತ್ತಿತ್ತು, ಆಯಾ ಭಾಷೆಯ ಧಾಟಿಯ ಹಾಗೆಯೇ! ಮೊದಲ ಪದ ಆಡುವುದಕ್ಕೆ ಎಷ್ಟೋ ತಿಂಗಳ ಮುಂಚೆಯೇ ಕಿವಿ ಇಷ್ಟು ಕಲಿತಿರುತ್ತದೆ. ಹಾಗಾಗಿ ನಿಮ್ಮ ಮಗನಿಗೂ ಮಾತಿನ ಧಾಟಿ ಚೆನ್ನಾಗಿಯೇ ಗೊತ್ತು. ಅದನ್ನು ಪುಸ್ತಕಕ್ಕೆ ತರುವುದಷ್ಟೇ ಬಾಕಿ.

ತರುವುದು ಹೇಗೆ? ‘ಭಾವ ತುಂಬಿ ಓದು’ ಅಂತ ದಯವಿಟ್ಟು ಹೇಳಬೇಡಿ. ಮಕ್ಕಳು ನಾಟಕ ಮಾಡುತ್ತಾರೆ, ಇಲ್ಲವೇ ರಾಗ ಎಳೆಯುತ್ತಾರೆ, ಎರಡರಿಂದಲೂ ಅರ್ಥ ಹತ್ತಿರ ಬರುವುದಿಲ್ಲ. ಚಿಕ್ಕ ಭಾಗ ತೆಗೆದುಕೊಳ್ಳಿ, ನಾಲ್ಕೈದು ಸಾಲು ಸಾಕು. ಮೊದಲು ನೀವು ಮಾತಾಡುವ ಹಾಗೆ ಓದಿ, ಅವನು ಸಾಲಿನ ಮೇಲೆ ಕಣ್ಣಿಟ್ಟು ಕೇಳಲಿ. ಆಮೇಲೆ ಇಬ್ಬರೂ ಒಟ್ಟಿಗೆ, ಕೊನೆಗೆ ಅವನೊಬ್ಬನೇ. ಮರುದಿನವೂ ಅದೇ ಭಾಗ. ಒಂದೇ ಭಾಗವನ್ನು ಮತ್ತೆ ಮತ್ತೆ ಓದಿಸುವುದು ಬೇಸರದ ಕೆಲಸ ಅನ್ನಿಸಬಹುದು, ಆದರೆ ಪದ ಬಿಡಿಸುವ ಶ್ರಮ ಕಡಿಮೆಯಾದ ಮೇಲೆಯೇ ಧಾಟಿಯ ಕಡೆ ಗಮನ ಹೋಗುವುದು. ಮಾತುಕತೆ ಜಾಸ್ತಿ ಇರುವ ಕಥೆಗಳನ್ನು ಆರಿಸಿಕೊಳ್ಳಿ.

ಗಡಿಯಾರ ಹಿಡಿದು ನಿಮಿಷಕ್ಕೆ ಎಷ್ಟು ಪದ ಅಂತ ಅಳೆಯುವುದು ನನಗೆ ಸ್ವಲ್ಪವೂ ಇಷ್ಟವಿಲ್ಲ. ಸರಾಗ ಓದಿಗೆ ವೇಗ, ತಪ್ಪಿಲ್ಲದಿರುವುದು, ಸರಿಯಾದ ಏರಿಳಿತ ಮೂರೂ ಬೇಕು ಅಂತ ಅಮೆರಿಕದ ರಾಷ್ಟ್ರೀಯ ಓದು ಸಮಿತಿ 2000ದಲ್ಲೇ ಹೇಳಿತ್ತು. ಅಳೆಯಲು ಸುಲಭ ಅಂತ ವೇಗ ಒಂದನ್ನೇ ಹಿಡಿದುಕೊಂಡರೆ ಮಕ್ಕಳು ಕಲಿಯುವುದು ಓಡುವುದನ್ನು.

ಒಂದು ಮಾತು. ಹೀಗೆ ಕೆಲವು ವಾರ ಓದಿದ ಮೇಲೂ ಅವೇ ಪದಗಳಲ್ಲಿ ಎಡವುತ್ತಿದ್ದರೆ, ಕಷ್ಟ ಇರುವುದು ಏರಿಳಿತದಲ್ಲಿ ಅಲ್ಲ, ಅಕ್ಷರ ಗುರುತಿಸುವುದರಲ್ಲಿ. ಆಗ ಟೀಚರ್ ಹತ್ತಿರ ಮಾತಾಡಿ, ಕಿವಿ, ಕಣ್ಣು ಎರಡನ್ನೂ ಪರೀಕ್ಷೆ ಮಾಡಿಸಿ.

ಪ್ರಶ್ನೆ: ಅಲ್ಪವಿರಾಮಕ್ಕೆ ಒಂದು ಎಣಿಸಿ, ಪೂರ್ಣವಿರಾಮಕ್ಕೆ ಎರಡು ಎಣಿಸಿ ಅಂತ ನನ್ನ ತರಗತಿಯಲ್ಲಿ ಹೇಳಿಕೊಡುತ್ತೇನೆ. ಸರಿನಾ? – ಒಬ್ಬ ಶಿಕ್ಷಕಿ

ಉತ್ತರ: ಶುರುವಿಗೆ ಪರವಾಗಿಲ್ಲ ಮೇಡಂ, ಆದರೆ ಬೇಗ ಬಿಟ್ಟುಬಿಡಿ. ಸುಮಾರು 2,200 ವರ್ಷಗಳ ಹಿಂದೆ ಅಲೆಕ್ಸಾಂಡ್ರಿಯಾದ ಗ್ರಂಥಾಲಯದಲ್ಲಿ ಅರಿಸ್ಟೋಫನೀಸ್ ಎಂಬ ಪಂಡಿತ ಮೂರು ಬಗೆಯ ಚುಕ್ಕೆಗಳನ್ನು ತಂದಿದ್ದು ಗಟ್ಟಿಯಾಗಿ ಓದುವವರು ಎಲ್ಲಿ, ಎಷ್ಟು ನಿಲ್ಲಬೇಕು ಅಂತ ತೋರಿಸುವುದಕ್ಕೇ. ಆದರೆ ಇವತ್ತಿನ ಚಿಹ್ನೆಗಳು ಹೆಚ್ಚಾಗಿ ವ್ಯಾಕರಣಕ್ಕೆ ಇರುವಂಥವು. ಮೇಲಿನ ಅಕ್ಕನ ವಾಕ್ಯದಲ್ಲಿ ಒಂದೂ ಅಲ್ಪವಿರಾಮ ಇಲ್ಲ, ಆದರೂ ನಿಲ್ಲಲೇಬೇಕು. ಪ್ರಶ್ನೆ ಚಿಹ್ನೆಯಂತೂ ವಾಕ್ಯವೆಲ್ಲ ಮುಗಿದ ಮೇಲೆ ಕಣ್ಣಿಗೆ ಬೀಳುತ್ತದೆ, ಅಷ್ಟರಲ್ಲಿ ದನಿ ಆಗಲೇ ಇಳಿದಿರುತ್ತದೆ.

ಬದಲಿಗೆ, ಓದುವ ಮುಂಚೆ ಎಲ್ಲಿ ನಿಲ್ಲುತ್ತೀರಿ ಅಂತ ಮಕ್ಕಳೇ ಪೆನ್ಸಿಲ್‌ನಲ್ಲಿ ಗೀಟು ಹಾಕಲಿ. ಇಬ್ಬರು ಬೇರೆ ಬೇರೆ ಕಡೆ ಗೀಟು ಹಾಕಿದರೆ ಇಬ್ಬರಿಂದಲೂ ಓದಿಸಿ, ಕಥೆಗೆ ಯಾವುದು ಹೊಂದುತ್ತದೆ ಅಂತ ಉಳಿದ ಮಕ್ಕಳನ್ನು ಕೇಳಿ.