ಓದುಗರ ಪ್ರಶ್ನೆ: ರಬ್ಬರ್ ಮುಟ್ಟದ ಗೆರೆ

ಪ್ರಶ್ನೆ: ಆಸ್ಟ್ರಿಯಾದ ಚಿತ್ರಕಾರ ಏಗಾನ್ ಶೀಲೆಯ ಚಿತ್ರಗಳಲ್ಲಿ ಮೈಕೈ ಸೊಟ್ಟ, ಗೆರೆ ಒರಟು, ಕೆಲವು ಕಡೆ ಪಾದವೇ ಇಲ್ಲ. ಕೈ ಪಳಗದವರ ಕೆಲಸದಂತಿರುವ ಇದಕ್ಕೆ ಇಷ್ಟು ಹೆಸರೇಕೆ? (ಶಿವಮೊಗ್ಗದ ಓದುಗರು)

ಪಳಗಿದ ಕೈಯೇ ಅದು. 1906ರಲ್ಲಿ, 16ರ ವಯಸ್ಸಿಗೇ ವಿಯೆನ್ನಾದ ಕಲಾ ಅಕಾಡೆಮಿ ಸೇರಿದ ಶೀಲೆ ಹಳೇ ಪದ್ಧತಿಯ ಪಾಠ ಕಲಿತು, 1909ರಲ್ಲಿ ಅದನ್ನು ಬಿಟ್ಟು ಬಂದ. 1918ರಲ್ಲಿ ಸ್ಪ್ಯಾನಿಷ್ ಫ್ಲೂ ಬಂದು ತೀರಿಕೊಂಡಾಗ ಅವನಿಗೆ ಬರೀ 28.

ಅವನ ಚಿತ್ರದಲ್ಲಿ ಮೊಣಕೈ, ಭುಜದೆಲುಬು, ಬೆರಳಿನ ಗೆಣ್ಣುಗಳನ್ನು ನೋಡಿ. ಚರ್ಮದಡಿ ಮೂಳೆ ಹಣಕುವ ಕಡೆಯೆಲ್ಲ ಗೆರೆ ಥಟ್ಟನೆ ತಿರುಗುತ್ತದೆ. ಮಾಂಸ ತುಂಬಿದ ಕಡೆ ಒಂದೇ ಉಸಿರಿಗೆ ಸಾಗುತ್ತದೆ. ಅಂಗರಚನೆ ಗೊತ್ತಿಲ್ಲದ ಕೈ ಇದರ ತದ್ವಿರುದ್ಧ ಮಾಡುತ್ತದೆ: ಗಂಟುಗಳನ್ನು ನುಣ್ಣಗೆ ಮಾಡಿ, ತೊಡೆಯಲ್ಲಿ ತಡವರಿಸುತ್ತದೆ. ಅವನು ರಬ್ಬರ್ ಬಳಸುತ್ತಿರಲಿಲ್ಲ, ಬಣ್ಣವನ್ನು ರೂಪದರ್ಶಿ ಹೋದ ಮೇಲೆ ನೆನಪಿನಿಂದ ಹಚ್ಚುತ್ತಿದ್ದ ಎಂದು ಹತ್ತಿರದಿಂದ ಕಂಡ ಸಂಗ್ರಾಹಕ ಹೈನ್ರಿಕ್ ಬೆನೆಶ್ ಬರೆದಿಟ್ಟಿದ್ದಾರೆ. ಮಲಗಿದವರನ್ನು ಬರೆದು, ಅಡ್ಡ ಹಾಳೆಯನ್ನು ಉದ್ದಕ್ಕೆ ತಿರುಗಿಸಿ ಸಹಿ ಹಾಕುವ ಅಭ್ಯಾಸವೂ ಅವನಿಗಿತ್ತು. ಹಾಸಿಗೆಯನ್ನಂತೂ ಮೊದಲೇ ಬರೆಯದೆ ಬಿಟ್ಟಿರುತ್ತಾನೆ, ಹಾಗಾಗಿ ಆಕೃತಿ ಗಾಳಿಯಲ್ಲಿ ನೇತಾಡಿದಂತಿರುತ್ತದೆ.

ಪ್ರಶ್ನೆ: ಈ ದಾರಿ ಅವನದೇ ಶೋಧವೇ? ಆಮೇಲೆ ಯಾರು ಹಿಡಿದರು? ನಮ್ಮ ಹೆಬ್ಬಾರರ ಗೆರೆಯೂ ಇದೇ ಜಾತಿಯೇ? (ಉಡುಪಿಯ ಓದುಗರು)

ಶೀಲೆಗೂ ಮುಂಚೆ ಫ್ರೆಂಚ್ ಶಿಲ್ಪಿ ರೋದಾಂ ಇದ್ದ. ರೂಪದರ್ಶಿಗಳನ್ನು ಸ್ಟುಡಿಯೋದಲ್ಲಿ ಓಡಾಡಲು ಬಿಟ್ಟು, ಹಾಳೆಯತ್ತ ನೋಡದೆ ಬರೆಯುತ್ತಿದ್ದ. ಜರ್ಮನಿಯ ಡ್ರೆಸ್ಡನ್‌ನಲ್ಲಿ 1905ರಲ್ಲಿ ಸೇರಿದ 'ಬ್ರೂಕೆ' ಎಂಬ ಕಲಾವಿದರ ಗುಂಪಿನ ಕಿರ್ಖ್ನರ್, ಹೆಕೆಲ್ ಮೊದಲಾದವರು ಕಾಲು ಗಂಟೆಗೊಮ್ಮೆ ರೂಪದರ್ಶಿಯ ಭಂಗಿ ಬದಲಿಸುತ್ತಿದ್ದರು. ನಯ ಮಾಡಲು ಪುರುಸೊತ್ತೇ ಇರಬಾರದು ಎಂಬುದು ಲೆಕ್ಕ.

ನೂರು ವರ್ಷದ ನಂತರವೂ ಎಳೆ ಕಡಿದಿಲ್ಲ. ಬ್ರಿಟನ್ನಿನ ಇಬ್ಬರು ಕಲಾವಿದೆಯರು, 2014ರಲ್ಲಿ ಜ್ಯೂರಿಕ್‌ನಲ್ಲಿ ಜೆನ್ನಿ ಸಾವಿಲ್, 2015ರಲ್ಲಿ ವಿಯೆನ್ನಾದ ಲಿಯೋಪೋಲ್ಡ್ ಮ್ಯೂಸಿಯಂನಲ್ಲಿ ಟ್ರೇಸಿ ಎಮಿನ್, ತಮ್ಮ ಕೆಲಸವನ್ನು ಶೀಲೆಯ ಜೊತೆಗೇ ಪ್ರದರ್ಶಿಸಿದರು. ಎಮಿನ್‌ರ ಮಾನೋಪ್ರಿಂಟ್ ವಿಧಾನ ಸರಳ: ಗಾಜಿನ ಮೇಲೆ ಶಾಯಿ ಸವರಿ, ಹಾಳೆ ಹೊದಿಸಿ, ಅದರ ಬೆನ್ನ ಮೇಲೆ ಬರೆಯುವುದು. ಅಂಗೈ ಊರಿದರೆ ಕಲೆ ಬೀಳುತ್ತದೆ, ಅಕ್ಷರ ತಿರುವುಮುರುವಾಗುತ್ತದೆ, ತಿದ್ದುವುದಂತೂ ಆಗುವುದೇ ಇಲ್ಲ.

ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರದು ಬೇರೆ ಮನೆತನ. ಅಲ್ಲೂ ತಿದ್ದುಪಡಿ ಇಲ್ಲ, ವೇಗವಿದೆ. ಆದರೆ ಕಥಕ್ ಕಲಿತವರ ಗೆರೆ ಅದು; ಲಯ ಹಿಡಿದು ಬಳುಕುತ್ತದೆ, ಗೀರುವುದಿಲ್ಲ. ಗೀರುವ ಗೆರೆ ಬೇಕೆಂದರೆ ಗೋವಾ ಮೂಲದ ಚಿತ್ರಕಾರ ಎಫ್.ಎನ್. ಸೋಜಾರ ಪೆನ್ ಚಿತ್ರಗಳನ್ನು ನೋಡಿ.

ಪ್ರಶ್ನೆ: ನಾನು ಪ್ರಯತ್ನಿಸಿದರೆ ಗೆರೆಗಳು ಕೂದಲು ಕೆದರಿದಂತಾಗುತ್ತವೆ. ಏನು ಮಾಡಲಿ? (ಗದಗದ ವಿದ್ಯಾರ್ಥಿನಿ)

ಮಣಿಕಟ್ಟಿನಿಂದ ಬರೆಯುತ್ತಿದ್ದೀರಿ. ಮಣಿಕಟ್ಟು ಒಂದೆರಡು ಇಂಚು ಸಾಗಿ ನಿಲ್ಲುತ್ತದೆ, ಅದಕ್ಕೇ ತುಂಡು ತುಂಡು. ಎ2 ಅಳತೆಯ ನ್ಯೂಸ್‌ಪ್ರಿಂಟ್ ಹಾಳೆಯನ್ನು ಬೋರ್ಡಿಗೆ ಕ್ಲಿಪ್ ಹಾಕಿ, ಬೋರ್ಡನ್ನು ಓರೆಯಾಗಿ ನಿಲ್ಲಿಸಿ, 6ಬಿ ಪೆನ್ಸಿಲನ್ನು ತುದಿಯಿಂದ ದೂರ ಹಿಡಿದು ಭುಜದಿಂದ ಕೈ ಆಡಿಸಿ. ಪಾತ್ರೆ ತೊಳೆಯುವ ಅಮ್ಮ, ಟಿವಿ ನೋಡುತ್ತ ಕೂತ ಅಜ್ಜ, ಯಾರಾದರೂ ಸರಿ. ಒಂದು ನಿಮಿಷದವು ಹತ್ತು, ಮೂರು ನಿಮಿಷದವು ಐದು, ಕೊನೆಗೆ ಕಾಲು ಗಂಟೆಯದೊಂದು.

ತಲೆಯಿಂದ ಶುರು ಮಾಡಿದರೆ ಪಾದಕ್ಕೆ ಹಾಳೆ ಸಾಲದು. ಭಾರ ಹೊತ್ತ ಕಾಲಿನಿಂದ ಶುರು ಮಾಡಿ. ಒಂದೇ ಕಾಲಿನ ಮೇಲೆ ಭಾರ ಬಿಟ್ಟು ನಿಂತವರ ಕತ್ತಿನ ಗುಳಿಯಿಂದ ತೂಗುಗುಂಡು ಇಳಿಬಿಟ್ಟರೆ ಅದು ಹೆಚ್ಚುಕಡಿಮೆ ಆ ಕಾಲಿನ ಹಿಮ್ಮಡಿಯ ಬಳಿ ಬೀಳುತ್ತದೆ. ಆ ಕಡೆಯ ಸೊಂಟ ಮೇಲಕ್ಕೆ, ಭುಜ ಸಾಮಾನ್ಯವಾಗಿ ಕೆಳಕ್ಕೆ. ಇದು ತಪ್ಪಿದರೆ ಗೆರೆ ಎಷ್ಟೇ ಚೆಂದವಿರಲಿ, ಆಕೃತಿ ಬೀಳುವಂತೆ ಕಾಣುತ್ತದೆ.

ತಪ್ಪು ಗೆರೆ ಅಳಿಸಬೇಡಿ, ಪಕ್ಕದಲ್ಲೇ ಸರಿಯಾದ್ದನ್ನು ಎಳೆಯಿರಿ. ಬೇಕೆಂದೇ ಕೈ ನಡುಗಿಸಿ ಒರಟುತನ ತರುವವರೂ ಇದ್ದಾರೆ. ಅಂಥ ನಡುಕ ಮೂಳೆಗೂ ಮಾಂಸಕ್ಕೂ ಒಂದೇ ಸಮ ಇರುವುದರಿಂದ ಕೂಡಲೇ ಸಿಕ್ಕಿಬೀಳುತ್ತದೆ. ಜಲವರ್ಣ ಹಚ್ಚುವ ಮನಸ್ಸಿದ್ದರೆ ಮಾತ್ರ ನ್ಯೂಸ್‌ಪ್ರಿಂಟ್ ಬಿಡಿ, ನೀರು ಬಿದ್ದ ಕೂಡಲೇ ಸುಕ್ಕಾಗಿ ಹರಿಯುತ್ತದೆ. 200 ಜಿಎಸ್ಎಂ (ಚದರ ಮೀಟರಿಗೆ 200 ಗ್ರಾಂ) ದಪ್ಪದ ಹಾಳೆ ತನ್ನಿ.