ಪುಣೆ ವಿಮಾನ ನಿಲ್ದಾಣದ ರನ್‌ವೇ ವಾಯುಪಡೆಯ ಕೈಯಲ್ಲಿರುವುದೇಕೆ?
ಅದು ಮೂಲತಃ ವಾಯುಪಡೆಯದೇ ಆಗಿರುವುದರಿಂದ. ಎರಡನೆಯ ಮಹಾಯುದ್ಧ ಆರಂಭವಾದ 1939ರಲ್ಲಿ ಮುಂಬಯಿಯ ರಕ್ಷಣೆಗೆಂದು ಬ್ರಿಟಿಷರು ಪುಣೆಯ ಲೋಹೆಗಾಂವ್‌ನಲ್ಲಿ ಈ ನೆಲೆಯನ್ನು ಕಟ್ಟಿದರು. ಸಹ್ಯಾದ್ರಿಯ ಈಚೆಗೆ, ಸಮುದ್ರದ ಕಡೆಯಿಂದ ಬರುವ ದಾಳಿಗೆ ನೇರವಾಗಿ ಸಿಗದಷ್ಟು ಒಳಗಿದ್ದರೂ ಯುದ್ಧವಿಮಾನಗಳು ಬೇಗ ಮುಂಬಯಿ ಮುಟ್ಟಬಹುದಾದ ಜಾಗವಿದು. ವೆಲ್ಲಿಂಗ್ಟನ್, ಮಸ್ಕೀಟೋ ವಿಮಾನಗಳಿದ್ದ ಈ ನೆಲೆ 1947ರಲ್ಲಿ ಭಾರತದ ವಾಯುಪಡೆಗೆ ಬಂತು. ಸುಖೋಯ್-30 ವಿಮಾನಗಳು 1997ರಲ್ಲಿ ಮೊದಲು ಸೇರ್ಪಡೆಯಾದದ್ದೂ ಇಲ್ಲಿಯೇ.

ಟರ್ಮಿನಲ್ ಮತ್ತು ಅದರ ಮುಂದಿನ ವಿಮಾನ ನಿಲುಗಡೆಯ ಜಾಗವನ್ನಷ್ಟೇ ವಿಮಾನ ನಿಲ್ದಾಣ ಪ್ರಾಧಿಕಾರ ನಡೆಸುತ್ತದೆ. ರನ್‌ವೇಯೂ ವಾಯು ಸಂಚಾರ ನಿಯಂತ್ರಣವೂ ವಾಯುಪಡೆಯವು. ಆದ್ದರಿಂದ ಯುದ್ಧವಿಮಾನಗಳ ಅಭ್ಯಾಸದ ವೇಳೆಗೆ ಹೊಂದಿಸಿಕೊಂಡೇ ನಾಗರಿಕ ವಿಮಾನಗಳಿಗೆ ಸಮಯ ಸಿಗುತ್ತದೆ. ರನ್‌ವೇ ದುರಸ್ತಿಗಾಗಿ 2021ರ ಅಕ್ಟೋಬರ್‌ನಲ್ಲಿ ಎರಡು ವಾರ ಪ್ರಯಾಣಿಕ ವಿಮಾನಗಳೆಲ್ಲ ನಿಂತಾಗ ಬೆಂಗಳೂರಿಗೆ ಹೊರಟಿದ್ದ ನಮ್ಮವರು ಬಸ್ಸು, ರೈಲು ಹಿಡಿಯಬೇಕಾಯಿತು. ಕಿಟಕಿಯಾಚೆ ಸುಖೋಯ್ ಕಂಡರೂ ಫೋಟೊ ತೆಗೆಯಬೇಡಿ ಎಂದು ಗಗನಸಖಿ ಎಚ್ಚರಿಸುವುದೂ ಇದು ವಾಯುಪಡೆಯ ನೆಲೆ ಎಂಬ ಕಾರಣಕ್ಕೇ. 2024ರಲ್ಲಿ ಹೊಸ ಟರ್ಮಿನಲ್ ಬಂದರೂ ರನ್‌ವೇ ಹಳೆಯದೊಂದೇ ಆಗಿರುವುದರಿಂದ, ನನ್ನ ದೃಷ್ಟಿಯಲ್ಲಿ, ಇಕ್ಕಟ್ಟು ತೀರಿಲ್ಲ.