ಕಂಪೌಂಡರ್ ಅಜ್ಜನ ಔಷಧ ಪೆಟ್ಟಿಗೆ

ಪ್ರಶ್ನೆ: ನಮ್ಮ ಮಾವನವರ ತಂದೆ ಬೆಳಗಾವಿ ಕ್ಯಾಂಪಿನಲ್ಲಿ ಇಂಗ್ಲಿಷ್ ಡಾಕ್ಟರೊಬ್ಬರ ಬಳಿ ಕಂಪೌಂಡರ್ ಆಗಿದ್ದರು. ಡಾಕ್ಟರು ಊರು ಬಿಡುವಾಗ ಕೊಟ್ಟ ಪ್ರಯಾಣದ ಔಷಧ ಪೆಟ್ಟಿಗೆ ಅಟ್ಟದಲ್ಲಿ ಸಿಕ್ಕಿತು. ಮರದ್ದು, ಮೂಲೆಗೆ ಹಿತ್ತಾಳೆ ಪಟ್ಟಿ. ಒಳಗೆ ಸಣ್ಣ ತಕ್ಕಡಿ ಮತ್ತು ಬಾಟಲಿಗಳು. ಚೀಟಿಗಳಲ್ಲಿ ಕ್ವಿನೈನ್, ಕ್ಯಾಲೊಮೆಲ್, ಡೋವರ್ಸ್ ಪೌಡರ್, ಲಾಡನಮ್ ಎಂದಿದೆ. ಒಂದು ತಗಡಿನ ಡಬ್ಬಿಯ ಮೇಲೆ ‘ಟ್ಯಾಬ್ಲಾಯ್ಡ್’ ಅಂತ ಇದೆ. ತೊಳೆದು ಶೋಕೇಸಿನಲ್ಲಿ ಇಡೋಣ ಎನ್ನುತ್ತಾಳೆ ಮಗಳು. ಕ್ವಿನೈನ್ ಜ್ವರಕ್ಕೆ ಈಗಲೂ ಆಗುತ್ತದೆ ಎನ್ನುತ್ತಾರೆ ಅತ್ತೆ. ಏನು ಮಾಡಲಿ?
— ಓದುಗರು, ಟಿಳಕವಾಡಿ

ಉತ್ತರ: ಅಕ್ಕಾವರೇ, ಮೊದಲು ಅತ್ತೆಯವರಿಗೆ ಹೇಳಿ: ಆ ಕ್ವಿನೈನ್ ಯಾರ ಬಾಯಿಗೂ ಹೋಗಬಾರದು. ಮಲೇರಿಯಾಕ್ಕೆ ಅದು ದೊಡ್ಡ ಔಷಧ, ಅವರ ಮಾತು ಸುಳ್ಳಲ್ಲ. ಆದರೆ ಖಾಲಿಯಾದ ಬಾಟಲಿಗೆ ಬೇರೆ ಪುಡಿ ತುಂಬಿರಬಹುದು, ಚೀಟಿ ಹಳೆಯದೇ ಉಳಿದಿರಬಹುದು. ನಿಜವಾದ ಕ್ವಿನೈನ್ ಆದರೂ ಅಳತೆ ಮೀರಿದರೆ ಕಿವಿ ಗುಂಯ್ ಅನ್ನುತ್ತದೆ, ಕಣ್ಣಿಗೆ, ಹೃದಯಕ್ಕೆ ಪೆಟ್ಟು ಬೀಳುತ್ತದೆ.

ಈಗ ತೊಳೆಯುವ ಮಾತು. ನಾನು ಔಷಧ ಅಂಗಡಿಯಲ್ಲೇ ಬದುಕು ಕಳೆದವನು. ಹಾಗಾಗಿ ಕೈಮುಗಿದು ಕೇಳುತ್ತೇನೆ, ದಯವಿಟ್ಟು ತೊಳೆಯಬೇಡಿ, ಬಿರಡೆ ತೆಗೆದು ಮೂಸಲೂ ಬೇಡಿ. ಕ್ಯಾಲೊಮೆಲ್ ಅಂದರೆ ಪಾದರಸದ ಲವಣ. ಆಗಿನ ಡಾಕ್ಟರುಗಳು ಹೊಟ್ಟೆ ಸಾಫಾಗಲು ಅದನ್ನು ಧಾರಾಳವಾಗಿ ಕೊಡುತ್ತಿದ್ದರು. ರೋಗಿಯ ಬಾಯಲ್ಲಿ ಜೊಲ್ಲು ಸುರಿದರೆ ಔಷಧ ಹಿಡಿಯಿತು ಎಂದುಕೊಳ್ಳುತ್ತಿದ್ದವರೂ ಇದ್ದರು. ಅದು ಪಾದರಸದ ವಿಷ ಏರಿದ ಲಕ್ಷಣ! ತೊಳೆದರೆ ಆ ಪಾದರಸ ನಿಮ್ಮ ಬಚ್ಚಲಿನಿಂದ ಗಟಾರಕ್ಕೆ ಹೋಗುತ್ತದೆ. ಶೋಕೇಸಿನ ಬೆಳಕೂ ಒಳ್ಳೆಯದಲ್ಲ, ಬೆಳಕಿಗೆ ಕ್ಯಾಲೊಮೆಲ್ ನಿಧಾನವಾಗಿ ಒಡೆದು ಕಪ್ಪಾಗುತ್ತದೆ.

ಲಾಡನಮ್ ಎಂದರೆ ಮದ್ಯಸಾರದಲ್ಲಿ ಕರಗಿಸಿದ ಅಫೀಮು. ಡೋವರ್ಸ್ ಪೌಡರಿನ 10 ಗ್ರೇನಿನಲ್ಲಿ (ಗ್ರೇನ್ ಎಂದರೆ ಆಗಿನ ಔಷಧ ತೂಕದ ಸಣ್ಣ ಅಳತೆ) 1 ಗ್ರೇನ್ ಅಫೀಮು ಇರುತ್ತಿತ್ತು. 1985ರ ಮಾದಕ ವಸ್ತು ಕಾಯ್ದೆ ಪ್ರಕಾರ ಅಫೀಮನ್ನು ಪರವಾನಗಿ ಇಲ್ಲದೆ ಇಟ್ಟುಕೊಳ್ಳುವ ಹಾಗಿಲ್ಲ, ಮಾರುವ ಹಾಗೂ ಇಲ್ಲ. ಹಾಗಾಗಿ ಔಷಧ ನಿಯಂತ್ರಣ ಇಲಾಖೆಗೆ ಬರವಣಿಗೆಯಲ್ಲಿ ತಿಳಿಸಿ, ಅವರು ಹೇಳಿದಂತೆ ಒಳಗಿನ ಪದಾರ್ಥ ಒಪ್ಪಿಸಿ. ಬಾಟಲಿ ಮತ್ತು ಚೀಟಿ ಉಳಿಸಿಕೊಳ್ಳಬಹುದೇ ಎಂದು ಅಲ್ಲಿಯೇ ಕೇಳಿ. ಅಲ್ಲಿಯವರೆಗೆ ಪೆಟ್ಟಿಗೆಗೆ ಬೀಗ ಹಾಕಿ, ಮಕ್ಕಳ ಕೈಗೆ ಸಿಗದಂತೆ ಇಡಿ. ಉಬ್ಬುಗೆರೆ ಇರುವ ನೀಲಿ ಬಾಟಲಿ ಇದ್ದರೆ ಇನ್ನೂ ಜಾಸ್ತಿ ಎಚ್ಚರ. ಕತ್ತಲಲ್ಲೂ ಬೆರಳಿಗೆ ಗೊತ್ತಾಗಲಿ ಎಂದು ವಿಷದ ಬಾಟಲಿಗಳನ್ನು ಹಾಗೆ ಮಾಡುತ್ತಿದ್ದರು.

ಇನ್ನು ನನಗೆ ಬಹಳ ಖುಷಿ ಕೊಟ್ಟದ್ದು ಆ ತಗಡಿನ ಡಬ್ಬಿ. ‘ಟ್ಯಾಬ್ಲಾಯ್ಡ್’ ಎಂಬುದು ಲಂಡನ್ನಿನ ಬರೋಸ್ ವೆಲ್ಕಮ್ ಕಂಪನಿ ತನ್ನ ಒತ್ತಿ ಮಾಡಿದ ಗುಳಿಗೆಗಳಿಗೆ 1884ರಲ್ಲಿ ನೋಂದಾಯಿಸಿದ ಹೆಸರು. ಅಂದರೆ ಡಬ್ಬಿ ಅದಕ್ಕಿಂತ ಹಳೆಯದಲ್ಲ, ಪೆಟ್ಟಿಗೆ ಹಳೆಯದಿರಬಹುದು. ಪುಡಿಯನ್ನು ತಕ್ಕಡಿಯಲ್ಲಿ ತೂಗಿ ಪೊಟ್ಟಣ ಕಟ್ಟುವುದು ಕಂಪೌಂಡರನ ಕೆಲಸ. ಒಂದು ತೊಲೆಗೆ 180 ಗ್ರೇನ್, ಒಂದು ಗ್ರೇನ್ ಅಂದರೆ ಸುಮಾರು 65 ಮಿಲಿಗ್ರಾಂ. ಅಷ್ಟು ಚಿಕ್ಕ ತೂಕ ಕೈ ನಡುಗದೆ ತೂಗಬೇಕಿತ್ತು. ಒತ್ತಿ ಮಾಡಿದ ಗುಳಿಗೆ ಬಂದ ಮೇಲೆ, ಖಾನಾಪುರದ ಕಾಡಿನಲ್ಲಿ ಡೇರೆ ಹಾಕಿದ ಅಧಿಕಾರಿಯೂ ಎಣಿಸಿ ನುಂಗಬಹುದಾಯಿತು. ಮಲೇರಿಯಾ ಸೊಳ್ಳೆಯಿಂದ ಹರಡುತ್ತದೆ ಎಂಬುದರ ಮೊದಲ ಗಟ್ಟಿ ಪುರಾವೆ ಡಾಕ್ಟರ್ ರೊನಾಲ್ಡ್ ರಾಸ್‌ಗೆ ಸಿಕ್ಕಿದ್ದು 1897ರಲ್ಲಿ, ಸಿಕಂದರಾಬಾದಿನಲ್ಲಿ. ಅದಕ್ಕೂ ಎಷ್ಟೋ ಮೊದಲಿನಿಂದಲೇ ಇಂತಹ ಪೆಟ್ಟಿಗೆಗಳಲ್ಲಿ ಕ್ವಿನೈನ್ ಇರುತ್ತಿತ್ತು. ರೋಗದ ಕಾರಣ ಗೊತ್ತಿಲ್ಲದೆಯೇ ಜನ ಉಳಿದರು, ಅಲ್ವಾ?

ಹಿತ್ತಾಳೆಗೆ ಹುಣಸೆಹಣ್ಣು ಹಚ್ಚಿ ಉಜ್ಜಬೇಡಿ. ಒಣ ಹತ್ತಿಬಟ್ಟೆಯಲ್ಲಿ ಧೂಳು ಒರೆಸಿದರೆ ಸಾಕು. ಮಾರುವ ಯೋಚನೆ ಇದ್ದರೆ ಒಂದು ಮಾತು: ನೂರು ವರ್ಷ ದಾಟಿದ ಪ್ರಾಚೀನ ವಸ್ತುವನ್ನು 1972ರ ಕಾಯ್ದೆ ಪ್ರಕಾರ ಪರವಾನಗಿ ಇಲ್ಲದೆ ವಿದೇಶಕ್ಕೆ ಕಳಿಸುವಂತಿಲ್ಲ.

ಇವತ್ತೇ ಮಾಡಬೇಕಾದ ಕೆಲಸ ಒಂದಿದೆ. ಮುಟ್ಟುವ ಮೊದಲು ಪ್ರತಿ ಬಾಟಲಿ ಇದ್ದ ಜಾಗದಲ್ಲೇ ಫೋಟೋ ತೆಗೆಯಿರಿ, ಚೀಟಿಯ ಅಕ್ಷರ ಕಾಣುವಂತೆ. ಆಮೇಲೆ ಅತ್ತೆಯವರ ಪಕ್ಕ ಕೂತು, ಮಾವನವರ ತಂದೆ ಯಾವ ಡಾಕ್ಟರ ಹತ್ತಿರ ಇದ್ದರು, ಯಾವ ಬೀದಿಯಲ್ಲಿ, ಯಾವ ಜ್ವರಕ್ಕೆ ಏನು ಕೊಡುತ್ತಿದ್ದರು ಎಂದು ಕೇಳಿ ಬರೆದುಕೊಳ್ಳಿ. ಆ ಹಾಳೆಯನ್ನು ಫೋಟೋಗಳ ಜೊತೆಗೇ ಇಡಿ.